ಕಪಿಲೆಯ ಬಾಲ ಮತ್ತು ವಾಷಿಂಗ್ ಮಷೀನಿನ ಪೈಪು

ಕಪಿಲೆ ಅಂದರೆ ನಮ್ಮ ಕಡೆ ಎರಡು ಅರ್ಥ. ಕಡಕೊಳದಿಂದ ನಂಜನಗೂಡಿನ ಕಡೆ ಹೊರಟರೆ ಸಿಗುವ ಹೊಳೆ ಒಂದು. ಸರ್ಕಾರಿ ಕಾಗದದಲ್ಲಿ ಅದು ಕಬಿನಿ, ಹಳಬರ ಬಾಯಲ್ಲಿ ಕಪಿಲಾ. ಇನ್ನೊಂದು ಕಪಿಲೆ ಎತ್ತುಗಳನ್ನು ಕಟ್ಟಿ ಬಾವಿಯಿಂದ ನೀರೆತ್ತುವ ಸಾಧನ. ನಾನೀಗ ಬರೆಯಲು ಕೂತಿರೋದು ಎರಡನೆಯದರ ಬಗ್ಗೆ. ನಿಜ ಹೇಳಬೇಕೆಂದರೆ ಅದರ ಬಗ್ಗೆಯೂ ಅಲ್ಲ, ವಾಷಿಂಗ್ ಮಷೀನಿನ ಹಿಂದೆ ಧೂಳು ತಿನ್ನುತ್ತಾ ನೇತಾಡುವ ಎರಡು ಪೈಪುಗಳ ಬಗ್ಗೆ. ಒಂದು ನೀರು ತರುವುದು, ಇನ್ನೊಂದು ಕೊಳೆನೀರು ಹೊರಗೆ ಬಿಡುವುದು. ಈ ಪೈಪಿಗೂ ಒಂದು ಇತಿಹಾಸವೇ ಅಂತ ನಗಬೇಡಿ. ಪೈಪಿನ ವಂಶವೃಕ್ಷ ಹುಡುಕುತ್ತಾ ಹೋದರೆ ನಮ್ಮೂರ ಬಾವಿ ಕಟ್ಟೆಯೂ ಸಿಗುತ್ತದೆ, ಆಮ್‌ಸ್ಟರ್‌ಡ್ಯಾಮೂ ಸಿಗುತ್ತದೆ, ನಮ್ಮಜ್ಜಿಯ ಮಡಿಯೂ ಸಿಗುತ್ತದೆ.

ಮೊದಲು ಕಪಿಲೆ ನೋಡದವರಿಗಾಗಿ ಸ್ವಲ್ಪ ವಿವರ. (ಈಗ ನೋಡಿದವರೇ ಕಡಿಮೆ, ನಾನೂ ನೋಡಿಲ್ಲ. ನಮ್ಮ ತಂದೆ ಹೇಳಿದ್ದು. ಹಳೇ ಮೈಸೂರಿನ ರೂಢಿಯಂತೆ ನಾವು ಅವರನ್ನು 'ಅಣ್ಣ' ಅಂತ ಕರೆಯೋದು. ಅವರಿಗೆ ಈಗ ಎಂಬತ್ತು ದಾಟಿದೆ. ಚಾಮರಾಜನಗರದ ಆಚೆ ನಮ್ಮ ತಾತನ ಜಮೀನಿನಲ್ಲಿ ಕಪಿಲೆ ಬಾವಿ ಇತ್ತಂತೆ.) ಬಾವಿಯ ಅಂಚಿನಲ್ಲಿ ಎರಡು ಕಂಬ, ಮೇಲೊಂದು ರಾಟೆ. ದಪ್ಪ ಹಗ್ಗಕ್ಕೆ ದೊಡ್ಡ ತೊಗಲ ಚೀಲ, ಒಂದು ಸಲಕ್ಕೆ ನೂರು ಲೀಟರಿಗೂ ಮೇಲೆ ಹಿಡಿಯುವಂಥದ್ದು. ಬಾವಿಯಿಂದ ಆಚೆಗೆ ಇಳಿಜಾರಾಗಿ ಅಗೆದ ದಾರಿ. ಎತ್ತುಗಳು ಆ ಇಳಿಜಾರಿನಲ್ಲಿ ಕೆಳಗಿಳಿದರೆ ಚೀಲ ಮೇಲೆ ಬರುತ್ತದೆ. ಹೊಡೆಯುವವನು ಹಗ್ಗದ ಮೇಲೆಯೇ ಕೂತು ತನ್ನ ಭಾರವನ್ನೂ ಸೇರಿಸುತ್ತಾನೆ. ಆಮೇಲೆ ಎತ್ತುಗಳನ್ನು ಹಿಂದಕ್ಕೆ ನಡೆಸಬೇಕು, ಚೀಲ ಮತ್ತೆ ಬಾವಿಗೆ. ಬೆಳಗಿನ ಜಾವದಿಂದ ಇದೇ ಕೆಲಸ. ಬೇಸರ ಕಳೆಯಲಿಕ್ಕೆ ಕಪಿಲೆ ಹೊಡೆಯುವವರದ್ದೇ ಪದಗಳಿದ್ದವು.

ಇಷ್ಟು ಎಲ್ಲರಿಗೂ ಗೊತ್ತಿರಬಹುದು. ನನಗೆ ಗೊತ್ತಿಲ್ಲದೆ ಇದ್ದದ್ದು ಚೀಲದ ಬಾಲದ ವಿಷಯ. ನೂರು ಲೀಟರ್ ನೀರಿನ ಚೀಲ ಮೇಲೆ ಬಂದರೆ ಅದನ್ನು ಯಾರು ಬಗ್ಗಿಸಿ ಸುರಿಯಬೇಕು? ಯಾರೂ ಬೇಡ. ಚೀಲದ ತಳದಲ್ಲಿ ಆನೆ ಸೊಂಡಿಲಿನ ಹಾಗೆ ಒಂದು ತೊಗಲ ಕೊಳವೆ. ಅದರ ತುದಿಗೆ ಬೇರೆಯೇ ಸಣ್ಣ ಹಗ್ಗ. ಆ ಹಗ್ಗ ಕೆಳಗಿನ ಇನ್ನೊಂದು ಉರುಳೆಯ ಮೇಲೆ ಹಾದು ಅದೇ ಎತ್ತುಗಳಿಗೆ ಕಟ್ಟಿರುತ್ತದೆ. ಚೀಲ ಮೇಲೇರುವಷ್ಟು ಹೊತ್ತು ಸೊಂಡಿಲು ಮಡಚಿಕೊಂಡು ಬಾಯಿ ಮೇಲಕ್ಕಿರುತ್ತದೆ, ಆದ್ದರಿಂದ ತೊಟ್ಟು ನೀರೂ ಚೆಲ್ಲುವುದಿಲ್ಲ. ಚೀಲ ಬಾವಿಯ ಬಾಯಿಗೆ ಬಂದು ಇನ್ನೂ ಮೇಲೆ ಹೋಗುವಾಗ ಸಣ್ಣ ಹಗ್ಗ ಸೊಂಡಿಲಿನ ತುದಿಯನ್ನು ತೊಟ್ಟಿಯ ಕಡೆ ಎಳೆದುಬಿಡುತ್ತದೆ. ಬಾಯಿ ಚೀಲಕ್ಕಿಂತ ಕೆಳಗಾಯಿತು, ನೀರೆಲ್ಲ ಧಾರಾಕಾರವಾಗಿ ತೊಟ್ಟಿಗೆ. ಕವಾಟ ಇಲ್ಲ, ಗುಂಡಿ ಒತ್ತುವುದಿಲ್ಲ, ಬಾಲ ಮೇಲಿದ್ದರೆ ನಿಲ್ಲುತ್ತದೆ, ಇಳಿದರೆ ಹರಿಯುತ್ತದೆ.

ನಿಮ್ಮ ಮನೆಯಲ್ಲಿ ಹಳೇ ಸೆಮಿ ಆಟೋಮ್ಯಾಟಿಕ್ ಮಷೀನಿದ್ದಿದ್ದರೆ ಇದನ್ನು ಓದುವಾಗಲೇ ಥಟ್ಟನೆ ಹೊಳೆದಿರುತ್ತದೆ. ಸರಳ ಮಾಡೆಲ್‌ಗಳಲ್ಲಿ ಔಟ್ಲೆಟ್ ಪೈಪನ್ನು ಮಷೀನಿನ ಪಕ್ಕದ ಕೊಕ್ಕೆಗೆ ಸಿಕ್ಕಿಸಿಡಬೇಕು, ಬಟ್ಟೆ ಒಗೆದಾದ ಮೇಲೆ ಕೊಕ್ಕೆಯಿಂದ ಬಿಡಿಸಿ ನೆಲಕ್ಕೆ ಹಾಕಬೇಕು. ಅಕ್ಷರಶಃ ಕಪಿಲೆಯ ಬಾಲ! ಎತ್ತಿನ ಜಾಗದಲ್ಲಿ ನಮ್ಮ ಕೈ, ಅಷ್ಟೇ.

ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್, ಟಿಪ್ಪು ಸತ್ತ ಮರುವರ್ಷ ಅಂದರೆ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದವನು, ಏತವನ್ನೂ ಕಪಿಲೆಯನ್ನೂ ನೋಡಿ ಬರೆದುಕೊಂಡಿದ್ದಾನೆ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಅದು ಸಿಗುತ್ತದೆ. ಅಲ್ಲಿಂದ ನೂರೈವತ್ತು ವರ್ಷ ಕಪಿಲೆ ಹೆಚ್ಚು ಬದಲಾಗಲಿಲ್ಲ. ಆದ ಒಂದು ಬದಲಾವಣೆ ಮಾತ್ರ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಎಷ್ಟೋ ಕಡೆ ತೊಗಲ ಚೀಲ ಹೋಗಿ ಕಬ್ಬಿಣದ ತಗಡಿನ ಬಾನಿ ಬಂತು. ಚೀಲ ಕಬ್ಬಿಣವಾಯಿತು, ಆದರೆ ಬಾಲ ತೊಗಲಿನದ್ದೇ ಉಳಿಯಿತು. ಯಾಕೆಂದರೆ ಬಾಲ ಮಡಚಬೇಕು, ಬಾಗಬೇಕು. ಕಬ್ಬಿಣಕ್ಕೆ ಅದು ಬಾರದು. ನಮ್ಮ ಮಷೀನಿನ ಕತೆಯೂ ಇದೇ. ಮೈ ಸ್ಟೀಲು, ಒಳಗೆ ಮೋಟಾರು, ಎದುರಿಗೆ ಮಿಣಮಿಣ ಲೈಟುಗಳು. ಹಿಂದುಗಡೆ ಮಾತ್ರ ಮೆತ್ತಗಿನ ಪೈಪು. ಮಷೀನು ಗಡಗಡ ಅಲ್ಲಾಡುತ್ತದೆ, ನಲ್ಲಿ ಗೋಡೆಯಲ್ಲಿ ಅಲ್ಲಾಡದೆ ಕೂತಿದೆ. ಎರಡರ ಮಧ್ಯೆ ಬಾಗುವ ವಸ್ತು ಬೇಕೇ ಬೇಕು. ಬಾಗುವ ವಸ್ತು ಎಲ್ಲಕ್ಕಿಂತ ಮೊದಲು ಸವೆಯುತ್ತದೆ.

ಕಪಿಲೆಯ ಕಾಲದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಣ್ಣ ಹೇಳುವ ಪ್ರಕಾರ ಊರಿನ ಮಾದಿಗರ ಕೇರಿಯ ಹಿರಿಯರೊಬ್ಬರು ಬೇಸಿಗೆಗೆ ಮುಂಚೆ ತಪ್ಪದೆ ಬಂದು ಚೀಲ, ಬಾಲ ಎರಡನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಹೊಲಿಗೆ ಬಿಟ್ಟಲ್ಲಿ ಹೊಲಿಯುತ್ತಿದ್ದರು, ಹರಳೆಣ್ಣೆ ತಿಕ್ಕುತ್ತಿದ್ದರು. ಬಾಲ ಬಿರುಕು ಬಿಟ್ಟಿದೆ ಅಂತ ಅವರು ಹೇಳಿದರೆ ತಾತ ಎದುರು ಮಾತಾಡದೆ ಹೊಸದು ಮಾಡಿಸುತ್ತಿದ್ದರಂತೆ. ಕೂಲಿ ದುಡ್ಡಿನಲ್ಲಲ್ಲ, ಸುಗ್ಗಿಯಲ್ಲಿ ಕಣದಿಂದ ಇಷ್ಟು ರಾಗಿ ಅಂತ. ಊರಿನ ಅಗಸರಿಗೂ ಹಾಗೇ, ಬಟ್ಟೆ ಒಗೆದದ್ದಕ್ಕೆ ಕಣದಲ್ಲಿ ಆಯ. ಹನ್ನೆರಡು ಆಯಗಾರರ ಹಳೇ ಪಟ್ಟಿಯಲ್ಲಿ ಅಗಸರೂ ಇದ್ದಾರೆ, ನೀರುಗಂಟಿಯೂ ಇದ್ದಾನೆ. ಇವತ್ತು ನಮ್ಮ ಬಚ್ಚಲುಮನೆ ಪಕ್ಕದ ಮೂರಡಿ ಜಾಗದಲ್ಲಿ ಒಂದು ಡಬ್ಬ ಮಾಡುವ ಕೆಲಸಕ್ಕೆ ಆಗ ಅಷ್ಟು ಜನರ ಬದುಕು ಹೆಣೆದುಕೊಂಡಿತ್ತು.

ಹೆಣೆದುಕೊಂಡಿತ್ತು ಅಂದ ತಕ್ಷಣ ಹಳೇ ಕಾಲ ಬಲು ಚೆಂದ ಅಂದುಕೊಳ್ಳಬೇಡಿ. ಆ ಬಾಲ ಹೊಲಿದ ಹಿರಿಯರು ಅದೇ ಬಾವಿಯಿಂದ ಒಂದು ಕೊಡ ನೀರು ಸೇದುವ ಹಾಗಿರಲಿಲ್ಲ. ಅವರು ಹೊಲಿದ ತೊಗಲಿನಲ್ಲಿ ಬಂದ ನೀರು ನಮ್ಮ ತರಕಾರಿ ಮಡಿಗೆ ಆಗುತ್ತಿತ್ತು, ಅವರ ಕೈ ಆಗುತ್ತಿರಲಿಲ್ಲ. ಅಣ್ಣ ಈ ಮಾತು ಹೇಳುವಾಗ ಒಂದು ಕ್ಷಣ ಸುಮ್ಮನಾಗುತ್ತಾರೆ.

ಈ ತೊಗಲಿನ ತಕರಾರು ನಮ್ಮ ಮನೆಯಲ್ಲಿ ಇನ್ನೊಂದು ರೂಪದಲ್ಲಿ ಬಂತು. ಅಣ್ಣನ ಹೈಸ್ಕೂಲಿಗೆಂದು 1958ರಲ್ಲಿ ಅಜ್ಜಿ ಹಳ್ಳಿ ಬಿಟ್ಟು ಮೈಸೂರಿನ ಅಗ್ರಹಾರದಲ್ಲಿ ಬಾಡಿಗೆ ಮನೆ ಹಿಡಿದರು. ಆ ಮನೆಗೆ ನಲ್ಲಿ ಇತ್ತು. ಮೈಸೂರಿಗೆ ನಲ್ಲಿ ನೀರು ಬಂದದ್ದರ ಹಿಂದೆಯೂ ದೊಡ್ಡ ಕತೆ ಇದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯ ಕಾವೇರಿ ನೀರನ್ನು ಕಾಲುವೆ ತೋಡಿ ಮೈಸೂರಿಗೆ ತರಲು ಹೊರಟರು. ಕೆಲಸ ಕೈಗೂಡಲಿಲ್ಲ, ಪೂರ್ಣಯ್ಯ ನಾಲೆ ಅನ್ನುವ ಹೆಸರು ಉಳಿಯಿತು. ಕಡೆಗೆ 1896ರಲ್ಲಿ ಬೆಳಗೊಳದಿಂದ ಕಾವೇರಿ ನೀರನ್ನು ಯಂತ್ರದಿಂದ ಎತ್ತಿ ಕೊಳವೆಯಲ್ಲಿ ತಂದರು. ಆಗ ರಾಜ್ಯಭಾರ ನಡೆಸುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ವಾಣಿವಿಲಾಸ ವಾಟರ್ ವರ್ಕ್ಸ್ ಅನ್ನುವ ಹೆಸರು ಹಾಗೆ ಬಂದದ್ದು. ಬೆಂಗಳೂರಿಗೆ ಹೆಸರಘಟ್ಟದ ನೀರು ಹರಿದದ್ದೂ ಅದೇ ವರ್ಷ.

ಅಜ್ಜಿ ಆ ನಲ್ಲಿ ನೀರನ್ನು ಮಡಿಗೆ ಮುಟ್ಟುತ್ತಿರಲಿಲ್ಲ. ಪಾತ್ರೆಗೆ ಆಗಬಹುದು, ಮೈಲಿಗೆ ಬಟ್ಟೆಗೆ ಆಗಬಹುದು, ಅಡಿಗೆಗೆ, ದೇವರಿಗೆ, ಮಡಿಬಟ್ಟೆಗೆ ಬಾವಿ ನೀರೇ ಆಗಬೇಕು. ಕಾರಣ? ನಲ್ಲಿಯ ಒಳಗಿನ ತೊಗಲು ವಾಷರ್! ಇದು ಅಜ್ಜಿಯೊಬ್ಬರ ಹಟವಲ್ಲ. ಕಲ್ಕತ್ತೆಯಲ್ಲಿ 1870ರ ಸುಮಾರಿಗೆ ನಲ್ಲಿ ನೀರು ಬಂದಾಗಲೂ ಸಂಪ್ರದಾಯಸ್ಥರು ಇದೇ ರಾಗ ಎತ್ತಿದ್ದರು. ತಮಾಷೆ ಏನೆಂದರೆ ಅಜ್ಜಿ ದೇವರಿಗೆ ನೈವೇದ್ಯ ಮಾಡುತ್ತಿದ್ದ ಬದನೆಕಾಯಿ, ಬಾಳೆಕಾಯಿ ಎಲ್ಲ ಹಳ್ಳಿಯಿಂದ ಬಸ್ಸಿನ ಮೇಲೆ ಬರುತ್ತಿತ್ತು. ತೊಗಲ ಚೀಲದ ನೀರಿನಲ್ಲೇ ಬೆಳೆದದ್ದು. ಎಂಟಾಣೆ ಅಗಲದ ವಾಷರ್ ಆಗದು, ಎಮ್ಮೆ ತೊಗಲಿನ ಇಡೀ ಚೀಲ ಆಗುತ್ತದೆ. ಇದನ್ನು ಅಣ್ಣ ಒಮ್ಮೆ ಕೇಳಿ ಬೈಸಿಕೊಂಡಿದ್ದರಂತೆ :)

ಈ ಜಗಳಕ್ಕೆ ಯಾವ ಮಠವೂ ತೀರ್ಪು ಕೊಡಬೇಕಾಗಲಿಲ್ಲ. ಯಾವಾಗಲೋ ಸದ್ದಿಲ್ಲದೆ ತೊಗಲು ವಾಷರ್ ಹೋಗಿ ರಬ್ಬರ್ ವಾಷರ್ ಬಂತು, ತಕರಾರು ತಾನಾಗಿ ಕರಗಿತು. ಅಲ್ಲಿಗೆ ನಾವು ರಬ್ಬರಿನ ಹತ್ತಿರ ಬಂದೆವು. ಆದರೆ ಅದಕ್ಕೆ ಮುಂಚೆ ತೊಗಲ ಪೈಪು ಹೊರಗಿನ ಲೋಕದಲ್ಲಿ ಏನು ಮಾಡಿತು ಅಂತ ಹೇಳಿಬಿಡುತ್ತೇನೆ.

ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ತನ್ನ ಮೂರನೆಯ ಪುಸ್ತಕದಲ್ಲಿ ಒಂದು ವಿಚಿತ್ರ ಕತೆ ಹೇಳುತ್ತಾನೆ. ಪರ್ಷಿಯಾದ ದೊರೆ ಕ್ಯಾಂಬಿಸಸ್ ಕ್ರಿ.ಪೂ. 525ರಲ್ಲಿ ಈಜಿಪ್ಟಿನ ಮೇಲೆ ದಂಡೆತ್ತಿ ಹೋಗುವಾಗ ಮರುಭೂಮಿಯಲ್ಲಿ ಸೈನ್ಯಕ್ಕೆ ನೀರು ಬೇಕಲ್ಲ. ಅರಬ್ಬರ ದೊರೆ ಎತ್ತಿನ ಚರ್ಮಗಳನ್ನು ಒಂದಕ್ಕೊಂದು ಹೊಲಿಸಿ, ಕೋರಿಸ್ ಅನ್ನುವ ಹೊಳೆಯಿಂದ ಹನ್ನೆರಡು ದಿನದ ಹಾದಿಯಷ್ಟು ಉದ್ದದ ಕೊಳವೆ ಮಾಡಿ ನೀರು ಹರಿಸಿದನಂತೆ. ಒಂಟೆಗಳ ಮೇಲೆ ತೊಗಲ ಚೀಲಗಳಲ್ಲಿ ನೀರು ಹೊರಿಸಿದ ಅನ್ನುವುದು ಇನ್ನೊಂದು ಪಾಠ. ಹೆರೊಡೋಟಸನೇ ಕೊಳವೆ ಕತೆ ಅಷ್ಟು ನಂಬುವಂಥದ್ದಲ್ಲ ಅಂತ ಹೇಳಿಯೂ ಬರೆದಿಟ್ಟಿದ್ದಾನೆ. ನನಗೂ ನಂಬಿಕೆ ಇಲ್ಲ. ಹನ್ನೆರಡು ದಿನದ ಹಾದಿಯಲ್ಲಿ ಎಷ್ಟು ಹೊಲಿಗೆ, ಎಷ್ಟು ಸೋರಿಕೆ!

ನಂಬಬಹುದಾದ ಕತೆ 1672ರದ್ದು. ಆಮ್‌ಸ್ಟರ್‌ಡ್ಯಾಮಿನ ಯಾನ್ ವಾನ್ ಡೆರ್ ಹೈಡನ್ ಒಬ್ಬ ಚಿತ್ರಕಾರ. ಊರಿನ ಬೀದಿ, ಮನೆಗಳನ್ನು ಇಟ್ಟಿಗೆ ಇಟ್ಟಿಗೆಯೂ ಕಾಣುವ ಹಾಗೆ ಬರೆಯುತ್ತಿದ್ದವನು. ಹುಡುಗನಾಗಿದ್ದಾಗ 1652ರಲ್ಲಿ ಹಳೇ ಪುರಭವನ ಬೆಂಕಿಗೆ ಆಹುತಿಯಾದದ್ದನ್ನು ಕಣ್ಣಾರೆ ಕಂಡಿದ್ದ. ಆಗಿನ ಬೆಂಕಿ ಆರಿಸುವ ಪಂಪು ಅಂದರೆ ಗಟ್ಟಿ ಮೂತಿಯದು, ಇಟ್ಟ ಜಾಗದಿಂದ ಪಿಚಕಾರಿ ಹೊಡೆದ ಹಾಗೆ ನೀರು ಚಿಮ್ಮಬೇಕು. ವಾನ್ ಡೆರ್ ಹೈಡನ್ ತನ್ನ ತಮ್ಮನ ಜೊತೆ ಸೇರಿ ಅದಕ್ಕೆ ಹೊಲಿದ ತೊಗಲಿನ ಉದ್ದ ಪೈಪು ಸೇರಿಸಿದ. ತುಂಡು ತುಂಡು ಪೈಪುಗಳು, ಮಧ್ಯೆ ತಿರುಪಿ ಕೂಡಿಸುವ ಹಿತ್ತಾಳೆ ಜೋಡಣೆ. ಈಗ ಪೈಪು ಹಿಡಿದವನು ಮೆಟ್ಟಲು ಹತ್ತಿ ಉರಿಯುತ್ತಿರುವ ಕೋಣೆಯ ಬಾಗಿಲಿಗೇ ಹೋಗಬಹುದು. ಇಷ್ಟೇ ಬದಲಾವಣೆ, ಆದರೆ ಊರುಗಳು ಉಳಿದವು. 1690ರಲ್ಲಿ ಅದರ ಬಗ್ಗೆ ಚಿತ್ರಸಹಿತ ಪುಸ್ತಕವನ್ನೂ ತಂದ. ನಮ್ಮ ಮಷೀನಿನ ಇನ್ಲೆಟ್ ಪೈಪಿನ ತುದಿಯಲ್ಲಿ ಕೈಯಲ್ಲಿ ತಿರುಪುವ ಬಿಳಿ ನಟ್ ಇರುತ್ತದಲ್ಲ, ಅದು ಆ ಹಿತ್ತಾಳೆ ಜೋಡಣೆಯ ಮರಿಮಗ.

ತೊಗಲ ಪೈಪಿನ ದೊಡ್ಡ ಕಷ್ಟ ಅದರ ಆರೈಕೆ. ಒಣಗಿದರೆ ಸೀಳುತ್ತದೆ, ಒದ್ದೆ ಇಟ್ಟರೆ ಕೊಳೆಯುತ್ತದೆ, ಎಣ್ಣೆ ಹಚ್ಚುತ್ತಲೇ ಇರಬೇಕು. ರಬ್ಬರ್ ಬಂದರೂ ಮೊದಮೊದಲು ಅದು ಸೆಕೆಗೆ ಅಂಟು, ಚಳಿಗೆ ಕಲ್ಲು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ಕಾಯಿಸಿದರೆ ರಬ್ಬರ್ ಎಲ್ಲ ಹವೆಗೂ ನಿಲ್ಲುತ್ತದೆ ಅನ್ನುವುದನ್ನು ಕಂಡುಕೊಂಡ, 1844ರಲ್ಲಿ ಪೇಟೆಂಟ್ ಪಡೆದ, ಸಾಲದಲ್ಲೇ 1860ರಲ್ಲಿ ಸತ್ತ. ದುಡ್ಡು ಮಾಡಿದವರು ಬೇರೆಯವರು. ಅಕ್ರಾನ್ ಊರಿನಲ್ಲಿ 1870ರಲ್ಲಿ ಶುರುವಾದ ಗುಡ್‌ರಿಚ್ ಕಂಪನಿ ಮೊದಲು ಹೆಸರು ಮಾಡಿದ್ದು ಟೈರಿನಿಂದಲ್ಲ, ಬೆಂಕಿ ಆರಿಸುವ ಪೈಪಿನಿಂದ. ಆಗ ಕಾರುಗಳೇ ಇರಲಿಲ್ಲವಲ್ಲ. ರಬ್ಬರ್, ಅದರೊಳಗೆ ಬಟ್ಟೆಯ ಅಥವಾ ದಾರದ ಹೆಣಿಗೆ. ಇವತ್ತಿನ ಪೈಪಿನ ಒಳಗೂ ಇದೇ ಇದೆ.

ರಬ್ಬರಿಗೂ ನಮಗೂ ಇರುವ ನಂಟು ಹೇಳದೆ ಮುಂದೆ ಹೋಗಲಾರೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಸಸಿಗಳು ಅಲ್ಲಿಂದ ಸಿಲೋನಿಗೆ ಬಂದವು. ಸಿಲೋನಿನ ತೋಟಗಳಲ್ಲಿ ತಲೆತಲಾಂತರದಿಂದ ದುಡಿದ ತಮಿಳರಲ್ಲಿ ಎಷ್ಟೋ ಜನರನ್ನು 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ಪ್ರಕಾರ ಭಾರತಕ್ಕೆ ಕಳಿಸಲಾಯಿತು. ಅವರಲ್ಲಿ ಕೆಲವು ಕುಟುಂಬಗಳಿಗೆ ನೆಲೆ ಸಿಕ್ಕಿದ್ದು ನಮ್ಮ ಸುಳ್ಯ, ಪುತ್ತೂರಿನ ಕಡೆ, ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ. ಬೀಜ ಒಂದು ಖಂಡ ದಾಟಿತು, ಅದರ ಹಿಂದೆ ಮನುಷ್ಯರು ಸಮುದ್ರ ದಾಟಿದರು. ಕಪಿಲೆಯ ಬಾಲ ಹೊಲಿದವರಂತೆ ಇವರೂ ಕಣ್ಣಿಗೆ ಬೀಳುವವರಲ್ಲ.

ಸರಿ, ಈಗ ಮಷೀನಿಗೆ ಬರೋಣ. 1910ರಲ್ಲಿ ಆಲ್ವಾ ಫಿಶರ್ ಪೇಟೆಂಟ್ ಪಡೆದ ಕರೆಂಟಿನ ವಾಷಿಂಗ್ ಮಷೀನು ಬಹಳ ಪ್ರಸಿದ್ಧ, ಅವನೇ ಮೊದಲಿಗ ಅಂತ ಬರೆಯುವುದು ತಪ್ಪಾದರೂ. ಆ ಕಾಲದ ಮಷೀನುಗಳಿಗೆ ನೀರನ್ನು ಮನುಷ್ಯರೇ ತುಂಬಬೇಕಿತ್ತು. ಅಂದರೆ ಬಟ್ಟೆ ಕುಕ್ಕುವ ಕೆಲಸ ತಪ್ಪಿತು, ನೀರು ಹೊರುವ ಕೆಲಸ ತಪ್ಪಲಿಲ್ಲ. 1937ರಲ್ಲಿ ಬೆಂಡಿಕ್ಸ್ ಕಂಪನಿ ಪೂರ್ತಿ ಆಟೋಮ್ಯಾಟಿಕ್ ಮಷೀನು ತಂದಿತು. ಅದು ಕುಣಿದಾಡಿ ಹೋಗದಿರಲಿ ಅಂತ ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕಿತ್ತು. ಅದು ನೀರನ್ನು ತಾನೇ ತೆಗೆದುಕೊಂಡು ತಾನೇ ಬಿಡುತ್ತಿತ್ತು. ನನ್ನ ಪ್ರಕಾರ ಪೈಪಿನ ಇತಿಹಾಸದಲ್ಲಿ ದೊಡ್ಡ ತಿರುವು ಇದೇ.

ಯಾಕೆ ಅಂತ ಹೇಳುತ್ತೇನೆ. ಅಲ್ಲಿಯವರೆಗೆ ನಲ್ಲಿಯನ್ನು ತೆರೆಯುವುದೂ ಮನುಷ್ಯ, ಮುಚ್ಚುವುದೂ ಮನುಷ್ಯ. ಪೈಪಿನಲ್ಲಿ ನೀರಿದ್ದಷ್ಟು ಹೊತ್ತು ಎದುರಿಗೆ ಒಬ್ಬರು ಇರುತ್ತಿದ್ದರು. ನಮ್ಮ ದೇಶದ ಮಧ್ಯಮ ವರ್ಗಕ್ಕೆ 1980ರ ದಶಕದಲ್ಲಿ ವಿಡಿಯೋಕಾನ್‌ನಂಥ ಕಂಪನಿಗಳಿಂದ ವಾಷಿಂಗ್ ಮಷೀನು ಪರಿಚಯವಾದಾಗಲೂ ಮನೆ ಮನೆಗೆ ಬಂದದ್ದು ಹೆಚ್ಚಾಗಿ ಸೆಮಿ ಆಟೋಮ್ಯಾಟಿಕ್. ಬಕೆಟ್ಟಿನಲ್ಲಿ ನೀರು ತುಂಬು, ಇಲ್ಲವೇ ನಲ್ಲಿಗೆ ಪೈಪು ಸಿಕ್ಕಿಸು, ತುಂಬಿದ ಮೇಲೆ ಕಿತ್ತು ಇಡು. ಫುಲ್ ಆಟೋಮ್ಯಾಟಿಕ್ ಬಂದ ಮೇಲೆ ಕವಾಟ ಮಷೀನಿನ ಒಳಗೆ ಹೋಯಿತು. ನಲ್ಲಿ ಸದಾ ತೆರೆದೇ ಇರುತ್ತದೆ. ಮಷೀನು ಓಡುವುದು ದಿನಕ್ಕೆ ಒಂದು ಗಂಟೆ, ಪೈಪು ನೀರಿನ ಒತ್ತಡ ಹೊತ್ತು ನಿಂತಿರುವುದು ಇಪ್ಪತ್ತನಾಲ್ಕು ಗಂಟೆ. ನಾವು ಮಲಗಿದಾಗಲೂ, ಊರಿಗೆ ಹೋದಾಗಲೂ. ಅದರ ಜೊತೆ ಕವಾಟ ಥಟ್ಟನೆ ಮುಚ್ಚಿದಾಗೆಲ್ಲ ಓಡುತ್ತಿದ್ದ ನೀರು ನಿಂತು ಪೈಪಿಗೆ ಒಂದು ಗುದ್ದು ಕೊಡುತ್ತದೆ. ಮಷೀನು ನೀರು ನಿಲ್ಲಿಸುವಾಗ ಗೋಡೆಯಲ್ಲಿ 'ಠಕ್' ಅನ್ನುವುದು ಕೇಳಿದ್ದೀರಲ್ಲ, ಅದೇ.

ಕಡಕೊಳದಂಥ ಊರಿನಲ್ಲಿ ಈ ಒತ್ತಡ ಎಷ್ಟು? ಲೆಕ್ಕ ಸುಲಭ. ನೀರಿನ ಮಟ್ಟ ಹತ್ತು ಮೀಟರ್ ಎತ್ತರದಲ್ಲಿದ್ದರೆ ಹೆಚ್ಚುಕಡಿಮೆ ಒಂದು ಬಾರ್. ನಮ್ಮದು ನೆಲಮಾಳಿಗೆ ಮೇಲೆ ಒಂದು ಮಹಡಿ, ತಾರಸಿ ಮೇಲೆ ಟ್ಯಾಂಕು, ಮಷೀನು ಮಹಡಿಯಲ್ಲಿ. ಟ್ಯಾಂಕಿಗೂ ಮಷೀನಿನ ನಲ್ಲಿಗೂ ನಾಲ್ಕು ಮೀಟರ್ ಅಂತರ. ಅಂದರೆ 0.4 ಬಾರ್. ಏನೂ ಅಲ್ಲ. ಒಳ್ಳೆ ಪೈಪು ಹತ್ತು ಬಾರ್ ತಡೆಯುವಂಥದ್ದು. ಅದಕ್ಕೇ ನಮ್ಮಲ್ಲಿ ಬಹಳ ಜನಕ್ಕೆ ಪೈಪು ಒಡೆಯುತ್ತದೆ ಅನ್ನುವ ಕಲ್ಪನೆಯೇ ಇಲ್ಲ. ನೀರು ಸಣ್ಣಗೆ ಬರುತ್ತದೆ, ಮಷೀನು ತುಂಬಲು ಹೊತ್ತು ಹಿಡಿಯುತ್ತದೆ ಅನ್ನುವುದೇ ನಮ್ಮ ದೂರು. ಆ ದೂರಿಗೆ ಮದ್ದಾಗಿ ಟ್ಯಾಂಕಿನ ಬುಡದಲ್ಲಿ ಪ್ರೆಷರ್ ಪಂಪು ಕೂರಿಸುವ ಫ್ಯಾಷನ್ ಶುರುವಾಯಿತು. ಈಗ ಅದೇ ಪೈಪಿಗೆ ಎರಡು ಬಾರೋ ಮೂರು ಬಾರೋ. ಶವರ್ ಜೋರಾಗಿ ಬಂತು ಅಂತ ಖುಷಿ ಪಡುತ್ತೇವೆ, ಮಷೀನಿನ ಹಿಂದೆ ನಿಂತಿರುವುದನ್ನು ಯಾರೂ ಕೇಳುವುದಿಲ್ಲ.

ನಮ್ಮ ಬೀದಿಯ ಒಂದು ಮನೆಯಲ್ಲಿ ಆದದ್ದು ಹೀಗೆ. ಮೂರು ದಿನ ಮದುವೆಗೆ ಅಂತ ಎಲ್ಲರೂ ಊರಿಗೆ ಹೋಗಿದ್ದರು. ಎರಡನೆಯ ದಿನ ಸಂಜೆ ಮುಂಬಾಗಿಲ ಕೆಳಗಿಂದ ನೀರು ಬಂದು ಮೆಟ್ಟಲು ಇಳಿಯುತ್ತಿದ್ದದ್ದನ್ನು ಹಾಲಿನವರು ನೋಡಿ ನಮ್ಮನ್ನು ಕರೆದರು. ಪೈಪು ನಟ್ಟಿನ ಬುಡದಲ್ಲೇ ಸೀಳಿತ್ತು. ಸಾವಿರ ಲೀಟರಿನ ಟ್ಯಾಂಕು, ಖಾಲಿಯಾದರೆ ಅಲ್ಲಿಗೆ ಮುಗಿಯಿತು ಅಂತ ಅಂದುಕೊಳ್ಳುತ್ತೀರಿ. ಇಲ್ಲ. ಟ್ಯಾಂಕಿನಲ್ಲಿ ನೀರು ಇಳಿದರೆ ಮೋಟಾರು ತಾನೇ ಚಾಲೂ ಆಗುವ ಆಟೋಮ್ಯಾಟಿಕ್ ವ್ಯವಸ್ಥೆ. ಕೆಳಗೆ ದೊಡ್ಡ ಸಂಪು, ಸಂಪಿಗೆ ಬೋರ್‌ವೆಲ್. ಮೂರೂ ಸೇರಿ ನಿಷ್ಠೆಯಿಂದ ಎರಡು ದಿನ ಮನೆಯೊಳಗೆ ನೀರು ಸುರಿದಿದ್ದವು. ಹಾಸಿಗೆ, ಸೋಫಾ ಹೋಗಲಿ, ಒಣಗುತ್ತದೆ. ಬೀರುವಿನ ಕೆಳಗಿನ ಖಾನೆಯಲ್ಲಿ ಆ ಮನೆಯಾಕೆಯ ತೀರಿಕೊಂಡ ತಾಯಿ ಇಂಕಿನ ಪೆನ್ನಿನಲ್ಲಿ ಬರೆದಿಟ್ಟಿದ್ದ ಹಸೆಹಾಡಿನ ಪುಸ್ತಕ ಇತ್ತು. ಪುಟ ಪುಟವೂ ನೀಲಿ ನೀರಾಗಿತ್ತು. ಆಕೆ ಆ ಪುಸ್ತಕವನ್ನು ಬಿಸಿಲಿಗೆ ಹರವಿ ಪಕ್ಕದಲ್ಲೇ ಕೂತಿದ್ದರು, ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ.

ಮಷೀನು ಹೊಸದು, ಎರಡು ವರ್ಷದ್ದು. ಪೈಪು ಮಾತ್ರ ಹಿಂದಿನ ಮಷೀನಿನದ್ದು, ಹತ್ತು ವರ್ಷ ದಾಟಿದ್ದು. ಹೊಸ ಪೈಪು ಸ್ವಲ್ಪ ಗಿಡ್ಡ ಆಯಿತು ಅಂತ ಮಷೀನು ಕೂರಿಸಲು ಬಂದವನು ಗೋಡೆಯಲ್ಲಿದ್ದ ಹಳೆಯದಕ್ಕೇ ಜೋಡಿಸಿ ಹೋಗಿದ್ದ. ಹೊಸ ಮಷೀನಿನ ಜೊತೆ ಬಂದ ಹೊಸ ಪೈಪನ್ನೇ ಬಳಸಬೇಕು, ಹಳೆಯದನ್ನು ಮತ್ತೆ ಹಾಕಬಾರದು ಅಂತ ಸೂಚನೆ ಇರಬೇಕೆಂದು ಐಇಸಿ 60335 ಅನ್ನುವ ಅಂತರರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. ಮಷೀನಿನ ಜೊತೆ ಬರುವ ಪುಸ್ತಕದಲ್ಲಿ ಆ ಒಂದು ಸಾಲು ಇರುತ್ತದೆ, ನೋಡಿ. ತಾತ ಕಬ್ಬಿಣದ ಬಾನಿ ತಂದಾಗ ಹಳೇ ಬಾಲ ಕಟ್ಟಿಸಿರಲಿಕ್ಕಿಲ್ಲ ಅಂತ ನನಗನ್ನಿಸುತ್ತದೆ. ಬಂದು ನೋಡಿ ಬೇಡ ಅನ್ನುವವರು ಒಬ್ಬರಿದ್ದರಲ್ಲ.

ನಮ್ಮ ಮನೆಯ ಪೈಪಿಗೆ ಆರು ವರ್ಷವಾಗಿತ್ತು. ಐದು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಅಮೆರಿಕದ ಇನ್ಶೂರೆನ್ಸ್ ಕಂಪನಿಗಳು ಗಿಣಿಪಾಠದಂತೆ ಹೇಳುತ್ತವೆ (ನಷ್ಟ ಕಟ್ಟಿಕೊಡುವವರು ಅವರೇ ಅಲ್ಲವೇ). ಜರ್ಮನಿಯ ಬಾಷ್-ಸೀಮೆನ್ಸ್‌ನವರು 1980ರ ದಶಕದಲ್ಲಿ ಪೈಪಿನ ಸುತ್ತ ಇನ್ನೊಂದು ಪೈಪು ಹಾಕಿ, ಒಳಗಿನದು ಸೋರಿದರೆ ನಲ್ಲಿಯ ಬುಡದಲ್ಲೇ ನೀರು ಕಟ್ಟಾಗುವ ಏರ್ಪಾಡನ್ನೂ ಮಾಡಿದರು. ನಾನು ಅಷ್ಟು ದೂರ ಹೋಗಲಿಲ್ಲ. ಮೈಸೂರಿನಿಂದ ರಬ್ಬರಿನ ಇನ್ಲೆಟ್ ಪೈಪು, ಒಂದು ಔಟ್ಲೆಟ್ ಪೈಪು ತಂದೆ, ಭಾನುವಾರ ಬೆಳಗ್ಗೆ ಕೂತೆ.

ಕೆಲಸ ಅರ್ಧ ಗಂಟೆಯದು. ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಮಷೀನನ್ನು ಮುಂದಕ್ಕೆ ಎಳೆದು, ಕೆಳಗೊಂದು ಬಕೆಟ್ ಇಟ್ಟು ಎರಡೂ ಕಡೆಯ ನಟ್ ತಿರುಪಿದೆ. ಎರಡೂ ಮುಕ್ಕಾಲು ಇಂಚಿನವು. ಮಷೀನಿನ ಬಾಯಲ್ಲಿ ಬೆರಳಿನ ತುದಿಯಷ್ಟು ಒಂದು ಜರಡಿ ಇರುತ್ತದೆ, ಅದನ್ನು ಇಕ್ಕಳದಲ್ಲಿ ಮೆಲ್ಲಗೆ ಎಳೆದರೆ ಬರುತ್ತದೆ. ನಮ್ಮದರಲ್ಲಿ ಮರಳು, ಬೋರ್ ನೀರಿನ ಸುಣ್ಣ ಎರಡೂ ಸೇರಿ ಅರ್ಧ ಮುಚ್ಚಿಹೋಗಿತ್ತು. ವಿನಿಗರ್‌ನಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಹಾಕಿದ ಮೇಲೆ ನೀರು ತುಂಬುವ ಹೊತ್ತು ಎಷ್ಟೋ ಕಡಿಮೆಯಾಯಿತು. ಪ್ರೆಷರ್ ಪಂಪು ಬೇಕೆಂದು ಮಗ ಹಟ ಹಿಡಿದಿದ್ದ, ಆ ಮಾತು ಅಲ್ಲಿಗೆ ನಿಂತಿತು. ಹೊಸ ಪೈಪಿನ ಎರಡೂ ತುದಿಯಲ್ಲಿ ರಬ್ಬರ್ ವಾಷರ್ ಇದೆಯೇ ಅಂತ ನೋಡಿಕೊಂಡು ಕೈಯಲ್ಲೇ ಬಿಗಿ ಮಾಡಿದೆ. ಪ್ಲಾಸ್ಟಿಕ್ ನಟ್ಟಿಗೆ ಸ್ಪ್ಯಾನರ್ ಹಾಕಿ ಜೋರು ಮಾಡಿದರೆ ಅದೇ ಸೀಳುತ್ತದೆ. ಇಲ್ಲಿ ನೀರು ತಡೆಯುವುದು ವಾಷರ್, ಮರೆಯಲ್ಲ. ಆದ್ದರಿಂದ ಟೇಪು ಸುತ್ತುವ ಅಗತ್ಯವೂ ಇಲ್ಲ. ಪೈಪಿಗೆ ಗೋಡೆಯ ಹತ್ತಿರ ಚೂಪಾದ ಮಡಿಕೆ ಬೀಳದಂತೆ ಒಂದು ಗೇಣು ಜಾಗ ಬಿಟ್ಟೆ. ನಮ್ಮ ಬೀದಿಯ ಆ ಪೈಪು ಸೀಳಿದ್ದು ಸರಿಯಾಗಿ ಅಂಥ ಮಡಿಕೆಯಲ್ಲೇ.

ಔಟ್ಲೆಟ್ ಪೈಪಿನ ಹೊತ್ತಿಗೆ ಅಣ್ಣ ಕುರ್ಚಿ ತಂದು ಪಕ್ಕದಲ್ಲಿ ಕೂತರು. ನಮ್ಮದು ಮುಂದೆ ಬಾಗಿಲಿರುವ ಮಷೀನು, ಒಳಗಿನ ಪಂಪು ನೀರನ್ನು ಎತ್ತಿ ಹಾಕುತ್ತದೆ. ಪೈಪಿನ ಬಾಯಿಯನ್ನು ನೆಲದಿಂದ ಎರಡು ಅಡಿಗಿಂತ ಮೇಲೆ ಕೊಕ್ಕೆಗೆ ಸಿಕ್ಕಿಸಬೇಕು. ಕೆಳಗೆ ಬಿಟ್ಟರೆ ಒಂದು ಕಡೆ ನೀರು ತುಂಬುತ್ತಿದ್ದ ಹಾಗೇ ಇನ್ನೊಂದು ಕಡೆಯಿಂದ ತಾನಾಗಿ ಹರಿದು ಹೋಗುತ್ತದೆ, ಮಷೀನು ತುಂಬುತ್ತಲೇ ಇರುತ್ತದೆ. ಬಾಯಿಯನ್ನು ಕೊಳೆನೀರಿನ ಕೊಳವೆಗೆ ಬಿಗಿಯಾಗಿ ತುರುಕಲೂಬಾರದು, ಗಾಳಿಗೆ ಜಾಗ ಬೇಕು, ಇಲ್ಲದಿದ್ದರೆ ಕೊಳಕು ನೀರು ವಾಪಸು ಎಳೆದುಕೊಳ್ಳಬಹುದು. ನಾನು ಇದನ್ನೆಲ್ಲ ವಿವರಿಸುತ್ತಿದ್ದರೆ ಅಣ್ಣ ನಡುವೆಯೇ ಕೈ ಎತ್ತಿ, "ಗೊತ್ತಪ್ಪ, ಬಾಲ ಮೇಲಿರಬೇಕು" ಅಂದರು. ಚೀಲ, ಸೊಂಡಿಲು, ಸಣ್ಣ ಹಗ್ಗದ ವಿಷಯವೆಲ್ಲ ಅವರು ನನಗೆ ಹೇಳಿದ್ದು ಆಗಲೇ.

ಹಳೇ ಇನ್ಲೆಟ್ ಪೈಪನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಹೊರಗಿನಿಂದ ಚೆನ್ನಾಗಿಯೇ ಇತ್ತು. ಒಳಗೆ ಸುಣ್ಣದ ಬಿಳಿ ಪೊರೆ, ನಟ್ಟಿನ ಹತ್ತಿರ ಒಳಪದರದಲ್ಲಿ ಕೂದಲೆಳೆಯಂಥ ಬಿರುಕುಗಳು ಸುತ್ತಲೂ. ಒಂದು ಕಡೆ ಬಿರುಕು ದಾರದ ಹೆಣಿಗೆಯವರೆಗೂ ಹೋಗಿತ್ತು. ಅಣ್ಣ ಕನ್ನಡಕ ಹಾಕಿಕೊಂಡು ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಹೊಸ ಪೈಪಿನ ಮೇಲೆ ತಿಂಗಳು, ವರ್ಷ ಬರೆದು ಒಂದು ಚೀಟಿ ಅಂಟಿಸಿದ್ದೇನೆ. ಒಗೆದಾದ ಮೇಲೆ ನಲ್ಲಿ ಮುಚ್ಚುವ ಕೆಲಸವನ್ನು ಅಮ್ಮ ವಹಿಸಿಕೊಂಡಿದ್ದಾರೆ. ಹಳೇ ಔಟ್ಲೆಟ್ ಪೈಪನ್ನು ಮಾತ್ರ ಎಸೆಯಲು ಬಿಡಲಿಲ್ಲ, ಹಿತ್ತಿಲ ನಲ್ಲಿಗೆ ಸಿಕ್ಕಿಸಿ ಬಾಳೆಗಿಡಗಳಿಗೆ ನೀರು ಬಿಡುತ್ತಿದ್ದಾರೆ.